ಕ್ಷಾಮದ ಇತಿಹಾಸ ಮತ್ತು ಲೋಕಪ್ರಗತಿಯ ಪ್ರಶ್ನೆ

ಲೋಕವು ಕಾಲಕ್ರಮದಲ್ಲಿ ಉತ್ತಮಗೊಳ್ಳುತ್ತಿದೆಯೆ, ಇಲ್ಲವೆ ಅವನತಿಯ ಕಡೆಗೆ ಸಾಗುತ್ತಿದೆಯೆ ಎಂಬ ಪ್ರಶ್ನೆ ಪ್ರಾಚೀನವಾದುದು. ಕೃತಯುಗದಲ್ಲಿ ನಾಲ್ಕು ಪಾದಗಳ ಮೇಲೆ ನಿಂತಿದ್ದ ಧರ್ಮವು ಕಲಿಯುಗದಲ್ಲಿ ಒಂದೇ ಪಾದದ ಮೇಲೆ ನಿಲ್ಲುವುದೆಂದು ನಮ್ಮ ಪುರಾಣಗಳು ಹೇಳುತ್ತವೆ. ಇದಕ್ಕೆ ವಿರುದ್ಧವಾಗಿ ಫ್ರಾನ್ಸಿನ ಕಾಂಡೊರ್ಸೆಯು ಮಾನವನ ಉನ್ನತಿಗೆ ಮೇರೆಯಿಲ್ಲವೆಂದು ಸಾರಿದನು. ಆ ಗ್ರಂಥವನ್ನು ಅವನು ಬರೆದುದು ಕ್ರಾಂತಿಕಾಲದ ಅಧಿಕಾರಿಗಳಿಂದ ತಲೆಮರೆಸಿಕೊಂಡಿದ್ದಾಗ. 1794ರಲ್ಲಿ ಸೆರೆಮನೆಯಲ್ಲಿಯೇ ಮಡಿದನು. ಈ ಎರಡು ಮತಗಳೂ ಕಾಲಕ್ಕೆ ತನ್ನದೇ ಆದ ಒಂದು ದಿಕ್ಕುಂಟೆಂದು ಭಾವಿಸುತ್ತವೆ. ಇತಿಹಾಸಕಾರನು ಈ ಭಾವನೆಯನ್ನು ಒಂದು ನಿರ್ದಿಷ್ಟ ವಿಷಯದಲ್ಲಿ ಪರೀಕ್ಷಿಸಬೇಕು. ಅದಕ್ಕೆ ಕ್ಷಾಮವು ತಕ್ಕ ವಿಷಯ. ಹಸಿವಿನಿಂದ ಸಾಯುವುದು ಕೇಡೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಮೈಸೂರು ಸೀಮೆಯ ಜನರು ಧಾತು-ಈಶ್ವರ ಸಂವತ್ಸರಗಳ ಬರವೆಂದು ಕರೆದ 1876–78ರ ಕ್ಷಾಮವನ್ನು ಮೊದಲು ನೋಡೋಣ. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ, ಎಂದರೆ ಶೇಕಡ 17ರಷ್ಟು, ಇಳಿಯಿತು. ಈ ವ್ಯತ್ಯಾಸವೆಲ್ಲವೂ ಸಾವಿನದಲ್ಲ. ವಲಸೆ ಹೋದವರೂ ಜನನದ ಕೊರತೆಯೂ ಇದರಲ್ಲಿ ಸೇರಿವೆ. ಆದರೂ ನಷ್ಟವು ಭಯಂಕರವಾದುದೇ. ವಿಚಾರಾರ್ಹವಾದ ಸಂಗತಿಯೆಂದರೆ, ಆಗ ನಾಗರಿಕತೆಯ ಸಾಧನಗಳಿಗೆ ಕೊರತೆಯಿರಲಿಲ್ಲ. ಬೆಂಗಳೂರಿಗೆ 1864ರಲ್ಲಿಯೇ ರೈಲು ಬಂದಿತ್ತು. ಆದರೆ ಅಲ್ಲಿಂದ ಮುಂದೆ ಧಾನ್ಯವು ಎತ್ತಿನ ಗಾಡಿಗಳಲ್ಲಿ ಹೋಗಬೇಕಾಗಿತ್ತು. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಕೂಲಿ ತಪ್ಪಿದವನಿಗೆ ಅಂಗಡಿಯಲ್ಲಿದ್ದ ರಾಗಿಯನ್ನು ಕೊಳ್ಳುವ ಶಕ್ತಿಯಿರಲಿಲ್ಲ. ಅದೇ ವರ್ಷಗಳಲ್ಲಿ ಭಾರತದ ಗೋಧಿ ಇಂಗ್ಲೆಂಡಿಗೆ ರಫ್ತಾಗುತ್ತಿದ್ದಿತು. ಮದರಾಸು ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ರಿಚರ್ಡ್ ಟೆಂಪಲ್ಲನು ವಯಸ್ಕನ ದಿನಗೂಲಿಯ ಧಾನ್ಯವನ್ನು ಒಂದು ಪೌಂಡಿಗೆ ಇಳಿಸಿದನು; ಅಲ್ಲಿನ ಆರೋಗ್ಯಾಧಿಕಾರಿ ಕಾರ್ನಿಷನು ಇದನ್ನು ಪ್ರತಿಭಟಿಸಿದನು.

ಈ ಅನುಭವದಿಂದ ಪಾಠಗಳು ಹುಟ್ಟದೆ ಇರಲಿಲ್ಲ. 1880ರಲ್ಲಿ ಕ್ಷಾಮ ಆಯೋಗವು ವರದಿ ಕೊಟ್ಟಿತು. ಅದರ ಆಧಾರದಿಂದ ಕ್ಷಾಮ ಸಂಹಿತೆಗಳು ರಚಿತವಾದವು. 1882ರ ವೇಳೆಗೆ ರೈಲು ಮೈಸೂರು ನಗರವನ್ನು ಮುಟ್ಟಿತು. ಆದರೂ 1896–97 ಮತ್ತು 1899–1900ರ ಕ್ಷಾಮಗಳಲ್ಲಿ ದೇಶದ ನಾನಾ ಭಾಗಗಳಲ್ಲಿ ಲಕ್ಷಾಂತರ ಜನ ಸತ್ತರು. 1943ರಲ್ಲಿ ಬಂಗಾಳದಲ್ಲಿ ಸರ್ಕಾರವು ಸಂಹಿತೆಯನ್ವಯ ಕ್ಷಾಮವನ್ನು ಘೋಷಿಸಲೇ ಇಲ್ಲ. ಮಡಿದವರು ಸುಮಾರು 30 ಲಕ್ಷವೆಂದು ವಿದ್ವಾಂಸರ ಅಂದಾಜು. ನಿಯಮವು ಪುಸ್ತಕದಲ್ಲಿತ್ತು, ಅದನ್ನು ಜಾರಿಗೆ ತರುವಂತೆ ಆಳುವವರನ್ನು ಒತ್ತಾಯಿಸಬಲ್ಲ ಶಕ್ತಿ ಪ್ರಜೆಗಳ ಕೈಯಲ್ಲಿರಲಿಲ್ಲ.

ಇದಕ್ಕೆ ಪ್ರತಿಯಾಗಿ 1972–73ರ ಮಹಾರಾಷ್ಟ್ರದ ಬರವನ್ನು ಗಮನಿಸಬಹುದು. ಮಳೆ ತೀವ್ರವಾಗಿ ಕೈಕೊಟ್ಟರೂ ಅದು 1876ರ ಬಗೆಯ ಮಹಾಮರಣವಾಗಿ ಪರಿಣಮಿಸಲಿಲ್ಲ. ಒಂದು ಹಂತದಲ್ಲಿ ಸುಮಾರು 50 ಲಕ್ಷ ಜನ ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದರು. ಶಾಸನಸಭೆ, ವೃತ್ತಪತ್ರಿಕೆ ಮತ್ತು ಚುನಾವಣೆಗಳಿಗೆ ಸರ್ಕಾರವು ಅಂಜಬೇಕಾಗಿತ್ತು. ಇಂಥ ಪ್ರಗತಿ ಯುಗಧರ್ಮವಲ್ಲವೆಂಬುದಕ್ಕೆ ಚೀನವೇ ಸಾಕ್ಷಿ: ರೈಲು, ತಂತಿ, ವಿಜ್ಞಾನಗಳೆಲ್ಲವೂ ಇದ್ದ 1959–61ರಲ್ಲಿ ಅಲ್ಲಿ ಕೋಟಿಗಟ್ಟಲೆ ಜನರು ಕ್ಷಾಮಕ್ಕೆ ತುತ್ತಾದರು.

ಆದ್ದರಿಂದ ಲೋಕವು ತಾನಾಗಿ ಮೇಲಕ್ಕೆ ಏರುವುದೂ ಇಲ್ಲ, ತಾನಾಗಿ ಕೆಳಕ್ಕೆ ಇಳಿಯುವುದೂ ಇಲ್ಲ. ಮಳೆಯ ಸ್ವಭಾವ ಬದಲಾಗಲಿಲ್ಲ. ಬದಲಾದುದು ಹಸಿದವನಿಗೆ ಉತ್ತರ ಹೇಳಬೇಕಾದವನ ಸ್ಥಾನ. ಮಹಾಕ್ಷಾಮವನ್ನು ತಡೆದ ನಮ್ಮ ದೇಶವು ಮಕ್ಕಳ ದೀರ್ಘಕಾಲದ ಅಪೌಷ್ಟಿಕತೆಯನ್ನು ಇನ್ನೂ ನೀಗಿಲ್ಲವೆಂಬುದೂ ಇದೇ ಮಾತನ್ನು ದೃಢಪಡಿಸುತ್ತದೆ. ಸದ್ದಿಲ್ಲದ ಹಸಿವಿಗೆ ಉತ್ತರ ಕೇಳುವವರು ಕಡಮೆ. ಕಲಿಯುಗವೆಂದು ಕೈಕಟ್ಟಿ ಕುಳಿತುಕೊಳ್ಳುವುದೂ ಪ್ರಗತಿ ಅನಿವಾರ್ಯವೆಂದು ನಿಶ್ಚಿಂತೆಯಿಂದಿರುವುದೂ ಪರಿಣಾಮದಲ್ಲಿ ಒಂದೇ. ಗಳಿಸಿದ ಒಳಿತನ್ನು ಪ್ರತಿಯೊಂದು ತಲೆಮಾರೂ ಮತ್ತೆ ಗಳಿಸಿಕೊಳ್ಳಬೇಕಾಗಿದೆ.