ಕಾಚಿಗುಡದ ಕೌದಿ

ಕಳೆದ ದಸರೆಗೆ ಮುಂಚೆ ಹೈದರಾಬಾದಿನ ನಮ್ಮ ಹಳೆಯ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಟ್ರಂಕಿನ ತಳದಲ್ಲಿ ಅಜ್ಜಿಯ ಕೌದಿ ಸಿಕ್ಕಿತು. ಬಿಡಿಸಿ ಹಾಸಿದರೆ ಒಂದು ಕಡೆ ಅಂಚು ಕಿತ್ತುಹೋಗಿತ್ತು, ಎರಡು ಕಡೆ ಒಳಗಿನ ಧೋತರದ ಪದರ ಕಾಣುತ್ತಿತ್ತು. ಇದನ್ನು ಏನು ಮಾಡಬೇಕು ಎಂಬ ಬಗ್ಗೆ ಮನೆಯಲ್ಲಿ ಮೂರು ಅಭಿಪ್ರಾಯ ಬಂದವು. ಪುಣೆಯಲ್ಲಿರುವ ತಂಗಿ, ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣ ಎಂದಳು. ಅತ್ತೆ, ಇಷ್ಟು ಹಳೆಯದು ಮನೆಯಲ್ಲಿರುವುದು ಒಳ್ಳೆಯದಲ್ಲ, ನೀರಿಗೆ ಬಿಡಿ ಎಂದರು. ಅಮ್ಮ ಮಾತ್ರ, "ಹರಿದದ್ದು ಹೊಲದು ಹೊಚ್ಚಿಕೊಳ್ಳಿಕ್ಕೇ ಅಲ್ಲೇನು ಕೌದಿ ಇರೋದು?" ಎಂದು ಕೇಳಿದರು. ನಾನು ಯಾರಿಗೂ ಉತ್ತರ ಕೊಡಲಿಲ್ಲ. ಆ ಕೌದಿಯ ತುಂಡುಗಳಲ್ಲಿ ಕೆಲವು ಯಾರವು ಎಂದು ಬಲ್ಲವರಲ್ಲಿ ಈಗ ಉಳಿದವನು ನಾನೊಬ್ಬನೇ. ಅದನ್ನು ಬರೆದಿಡದೆ ಯಾವುದನ್ನೂ ನಿರ್ಧರಿಸಲು ಮನಸ್ಸಾಗಲಿಲ್ಲ.

ಉತ್ತರ ಕರ್ನಾಟಕದ ಓದುಗರಿಗೆ ಕೌದಿ ಎಂದರೇನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ರಜಾಯಿಯ ಹಾಗೆ ಇದರಲ್ಲಿ ಅರಳೆ ತುಂಬುವುದಿಲ್ಲ. ಹಳೆಯ ಧೋತರ, ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಶುರುಮಾಡಿ ಸಾಲುಸಾಲಾಗಿ ಒಳಗೆ ಹೊಲಿಯುತ್ತ ಬರುತ್ತಾರೆ. ಕೈಹೊಲಿಗೆ, ದಪ್ಪ ದಾರ. ಒಂದು ಕೌದಿ ಮುಗಿಯಲು ಮನೆಕೆಲಸದ ನಡುವೆ ತಿಂಗಳುಗಳೇ ಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಇದನ್ನೇ ಕವಂದಿ ಎನ್ನುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ 'ಫೂಲು' ಹೊಲಿಯದಿದ್ದರೆ ಕೌದಿ ಬೆತ್ತಲೆ ಎಂದು ಅವರ ಲೆಕ್ಕ. ಮರಾಠಿಯಲ್ಲಿ ಇದು ಗೋಧಡಿ, ತೆಲುಗಿನಲ್ಲಿ ಬೊಂತ, ದಖ್ಖನಿಯಲ್ಲಿ ಗುದಡಿ. ಹೆಸರು ನಾಲ್ಕು, ವಸ್ತು ಒಂದೇ. ನಿಜಾಮನ ಹೈದರಾಬಾದಿನಲ್ಲಿ ಈ ನಾಲ್ಕೂ ಮಾತು ಒಂದೇ ಓಣಿಯಲ್ಲಿ ಕೇಳುತ್ತಿದ್ದವು.

ನಮ್ಮ ಅಜ್ಜಿ ಹುಟ್ಟಿದ್ದು ಮಳಖೇಡದ ಹತ್ತಿರದ ಒಂದು ಹಳ್ಳಿಯಲ್ಲಿ. ಮಳಖೇಡ ಎಂದರೆ ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ನದಿಯ ದಂಡೆ. ಅಜ್ಜಿಗೆ ಅಮೋಘವರ್ಷ ನೃಪತುಂಗ ಗೊತ್ತಿರಲಿಲ್ಲ, ಕಾಗಿಣಾ ಗೊತ್ತಿತ್ತು. ನವರಾತ್ರಿಗೆ ಮುಂಚೆ ಊರಿಗೆ ಊರೇ ಕೌದಿ ಹೊತ್ತು ನದಿಗೆ ಹೋಗಿ ಒಗೆದು ಬಂಡೆಗಳ ಮೇಲೆ ಒಣಹಾಕುತ್ತಿದ್ದದ್ದನ್ನು ಅವರು ಕೊನೆಯವರೆಗೂ ಹೇಳುತ್ತಿದ್ದರು. 1944ರ ಸುಮಾರಿಗೆ ಮದುವೆಯಾಗಿ ರೈಲು ಹತ್ತಿದರು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ಹಳಿ ಬಿದ್ದಿತ್ತು. ಕಲಬುರ್ಗಿ ಸೀಮೆಯ ಕನ್ನಡಿಗರನ್ನು ರಾಜಧಾನಿಗೆ ಎಳೆದು ತಂದದ್ದು ಆ ಹಳಿಯೇ. ಕೆಲವರು ಕಚೇರಿಯ ಗುಮಾಸ್ತರಾಗಿ, ಕೆಲವರು ಓದಲಿಕ್ಕೆ, ಕೆಲವರು ಅಡುಗೆಗೆ, ಪೌರೋಹಿತ್ಯಕ್ಕೆ ಬಂದರು. ಬಹಳ ಜನ ನೆಲೆಯೂರಿದ್ದು ಕಾಚಿಗುಡ, ಬಡಿಚೌಡಿ, ಸುಲ್ತಾನ್ ಬಜಾರಿನ ಸುತ್ತಮುತ್ತ.

ಅಲ್ಲೇ ಯಾಕೆ? ಅದಕ್ಕೆ ಓದಿನ ಸಂಬಂಧವೂ ಇದೆ. ಸುಲ್ತಾನ್ ಬಜಾರಿನ ಪ್ರದೇಶ 1933ರವರೆಗೆ ನಿಜಾಮನ ಆಡಳಿತದಲ್ಲಿರಲಿಲ್ಲ, ಬ್ರಿಟಿಷ್ ರೆಸಿಡೆನ್ಸಿಯ ಆಡಳಿತದಲ್ಲಿತ್ತು. ಸಭೆ ಸೇರುವುದು, ಸಂಸ್ಥೆ ಕಟ್ಟುವುದು ಅಲ್ಲಿ ತುಸು ಸುಲಭ. ತೆಲುಗರು 1901ರಲ್ಲಿ ಶ್ರೀಕೃಷ್ಣದೇವರಾಯಾಂಧ್ರ ಭಾಷಾ ನಿಲಯವನ್ನು ಶುರುಮಾಡಿದ್ದು ಈ ಕಡೆಯೇ. ಕನ್ನಡಿಗರು ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಕಟ್ಟಿಕೊಂಡರು, ನೃಪತುಂಗನ ಹೆಸರಿನ ಶಾಲೆ ನಡೆಸಿದರು. ಸರ್ಕಾರದ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟದ್ದು ದೊಡ್ಡ ಪ್ರಯೋಗ, ಅನುಮಾನವಿಲ್ಲ. ಆದರೆ ಸಂಸ್ಥಾನದ ಬಹುಪಾಲು ಜನರ ಮನೆಮಾತು ಅದಾಗಿರಲಿಲ್ಲ. ಕನ್ನಡ ಕಲಿಯಬೇಕೆಂದರೆ ಮನೆಯಲ್ಲೋ, ಮಠದಲ್ಲೋ, ಇಂಥ ಖಾಸಗಿ ಶಾಲೆಯಲ್ಲೋ ಕಲಿಯಬೇಕಿತ್ತು. 1928ರಲ್ಲಿ ಬಿ.ಎಂ.ಶ್ರೀ. ಅಧ್ಯಕ್ಷತೆಯಲ್ಲಿ ಕಲಬುರ್ಗಿಯಲ್ಲಿ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನ ನಡೆದದ್ದು ಈ ಹಿನ್ನೆಲೆಯಲ್ಲಿ. ಅಲ್ಲಿನ ಕನ್ನಡಿಗರಿಗೆ ಅದು ಬರೀ ಸಾಹಿತ್ಯದ ಹಬ್ಬವಾಗಿರಲಿಲ್ಲ.

ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರು ಅಕ್ಷರ ಕಲಿತದ್ದು ಮಗನ ಜೊತೆ. ಅಪ್ಪ ನೃಪತುಂಗ ಶಾಲೆಗೆ ಹೋಗತೊಡಗಿದಾಗ ಸಂಜೆ ಕಂದೀಲಿನ ಮುಂದೆ ಜೋರಾಗಿ ಓದಬೇಕೆಂದು ಅಜ್ಜಿಯ ಕಟ್ಟಪ್ಪಣೆ. ಮಗ ಓದುವುದು, ತಾಯಿ ಹೊಲಿಯುವುದು. ದಿನ ಕಳೆದಂತೆ ಸೂಜಿ ನಿಲ್ಲಿಸಿ ಪುಸ್ತಕಕ್ಕೆ ಬಗ್ಗುವುದು ಶುರುವಾಯಿತು. 1949ರಲ್ಲಿ ಕನ್ನಡ 'ಚಂದಮಾಮ' ಬರತೊಡಗಿತ್ತು. ದೊಡ್ಡ ಅಕ್ಷರ, ಚಿತ್ರ, ಮುಂದೇನಾಯಿತೆಂಬ ಆಸೆ. ಅದನ್ನು ಹಿಡಿದು ಕೂಡಿಸಿಕೂಡಿಸಿ ಓದುವುದು ಬಂತು. ಮುಂದೆ ತ್ರಿವೇಣಿಯವರ ಕಾದಂಬರಿಗಳನ್ನು, 'ಕಸ್ತೂರಿ'ಯನ್ನು, ಧಾರವಾಡದ ಮನೋಹರ ಗ್ರಂಥಮಾಲೆಯ ಪುಸ್ತಕಗಳನ್ನು ಓಣಿಯಲ್ಲಿ ಒಬ್ಬರಿಂದ ಒಬ್ಬರು ಇಸಿದುಕೊಂಡು ಓದಿದರು. ಗ್ರಂಥಮಾಲೆ 1933ರಿಂದ ಚಂದಾದಾರರಿಗೆ ಅಂಚೆಯಲ್ಲಿ ಪುಸ್ತಕ ಕಳಿಸುತ್ತಿತ್ತು. ಓಣಿಯಲ್ಲಿ ಚಂದಾದಾರರು ಒಬ್ಬರಿದ್ದರೆ ಓದುಗರು ಹತ್ತು ಜನ. ಅಜ್ಜಿಗೆ ಬರೆಯಲು ಮಾತ್ರ ಕೊನೆಗೂ ಸರಿಯಾಗಿ ಬರಲಿಲ್ಲ. ಸಹಿ ಮಾಡುವಾಗ ಕೈ ನಡುಗುತ್ತಿತ್ತು. ಸೂಜಿ ಹಿಡಿದರೆ ಅದೇ ಕೈಯ ಸಾಲು ಹಿಡಿದು ಗೀಟು ಹಾಕಿದಷ್ಟು ನೆಟ್ಟಗೆ.

ಈಗ ಕೌದಿಗೆ ಬರುತ್ತೇನೆ. ಇದನ್ನು ಅವರು ಶುರುಮಾಡಿದ್ದು 1956ರಲ್ಲಿ.

1948ರ ಸೆಪ್ಟೆಂಬರ್ 17ರಂದು ಹೈದರಾಬಾದು ಭಾರತಕ್ಕೆ ಸೇರಿತು. ನಂತರ ಎಂಟು ವರ್ಷ ಅದು ಒಂದೇ ರಾಜ್ಯವಾಗಿ ಉಳಿಯಿತು, ಚುನಾವಣೆಯಾಯಿತು, ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿಯಾದರು. 1956ರ ನವೆಂಬರ್ 1ರಂದು ಆ ರಾಜ್ಯ ನಕಾಶೆಯಿಂದಲೇ ಹೋಯಿತು. ಔರಂಗಾಬಾದ್, ಬೀಡ್, ಪರಭಣಿ, ನಾಂದೇಡ್, ಉಸ್ಮಾನಾಬಾದ್ ಮುಂಬಯಿ ರಾಜ್ಯಕ್ಕೆ, ಕಲಬುರ್ಗಿ, ರಾಯಚೂರು, ಬೀದರ್ ಮೈಸೂರಿಗೆ, ತೆಲಂಗಾಣ ಆಂಧ್ರಕ್ಕೆ. ಕತ್ತರಿ ಜಿಲ್ಲೆಯ ಗೆರೆ ಹಿಡಿದೇನೂ ಓಡಲಿಲ್ಲ. ಕಲಬುರ್ಗಿಯ ಕೊಡಂಗಲ್, ತಾಂಡೂರು ಆಂಧ್ರಕ್ಕೆ ಹೋದವು. ರಾಯಚೂರಿನ ಗದ್ವಾಲ, ಆಲಂಪುರವೂ ಹಾಗೆಯೇ. ಬೀದರಿನ ಉದಗೀರ, ನಿಲಂಗಾ, ಅಹ್ಮದಪುರ ಮರಾಠಿ ಕಡೆಗೆ, ಜಹೀರಾಬಾದ್, ನಾರಾಯಣಖೇಡ ತೆಲುಗು ಕಡೆಗೆ. ನಮಗೆ ಕರ್ನಾಟಕ ಏಕೀಕರಣದ ಇತಿಹಾಸ ಎಂದರೆ ಕೂಡಿದ ಕತೆ. ಅದೇ ದಿನ ಹೈದರಾಬಾದಿನ ಓಣಿಗಳಲ್ಲಿ ನಡೆದದ್ದು ಅಗಲಿಕೆಯ ಕತೆ. ಎರಡೂ ನಿಜ. ಬಯಸಿದ್ದು ಸಿಕ್ಕಿತು ಎಂಬ ಸಂತೋಷವೂ ಪಕ್ಕದ ಮನೆ ಖಾಲಿಯಾಯಿತು ಎಂಬ ದುಃಖವೂ ಒಂದೇ ಅಂಗಳದಲ್ಲಿದ್ದವು.

ಸರ್ಕಾರಿ ನೌಕರರನ್ನು ಮೂರು ರಾಜ್ಯಗಳಿಗೆ ಹಂಚಲಾಯಿತು. ಕಾಚಿಗುಡದ ಎಷ್ಟೋ ಕನ್ನಡ ಮನೆಗಳು ಕಲಬುರ್ಗಿಗೆ, ಬೆಂಗಳೂರಿಗೆ ಎದ್ದುಹೋದವು. ಅಜ್ಜನದು ಖಾಸಗಿ ನೌಕರಿ, ಹಾಗಾಗಿ ನಾವು ಉಳಿದೆವು. ಅಜ್ಜಿ ಹೊರಟ ಪ್ರತಿ ಮನೆಗೂ ಹೋಗಿ ಒಂದು ಹಳೆಯ ಬಟ್ಟೆ ಕೇಳಿದರು. ಯಾರೂ ವಿಚಿತ್ರ ಎಂದುಕೊಳ್ಳಲಿಲ್ಲ. ಕೌದಿಗೆ ಬಟ್ಟೆ ಕೇಳುವುದು ವಾಡಿಕೆ. ನಾನು ಚಿಕ್ಕವನಿದ್ದಾಗ ಜ್ವರ ಬಂದರೆ ಈ ಕೌದಿ ಹೊಚ್ಚಿ ತುಂಡುಗಳ ಮೇಲೆ ಬೆರಳಾಡಿಸುತ್ತ ಹೇಳುತ್ತಿದ್ದರು: ನಡುವಿನ ಕೆಂಪು ಇಳಕಲ್ ಸೆರಗು ರಾಯಚೂರಿಗೆ ಹೋದ ಮಾಸ್ತರರ ಹೆಂಡತಿಯದು. ನೀಲಿ ಗೀಟಿನದು ಕಲಬುರ್ಗಿಯ ಎಂ.ಎಸ್.ಕೆ. ಮಿಲ್ಲಿನ ಬಟ್ಟೆ, ಎದುರುಮನೆಯವರ ಅಂಗಿಯದು. ಹಸಿರು ರೇಷ್ಮೆಯ ಸಣ್ಣ ತ್ರಿಕೋನ ಕುಂಚಿಗೆಯದು. ಕೂಸು ಉಳಿಯಲಿಲ್ಲ, ತಾಯಿ ಅದನ್ನು ಜೊತೆಗೆ ಒಯ್ಯಲಾರದೆ ಕೊಟ್ಟುಹೋದಳು. ಹೂವಿನ ಚೀಟಿ ಬಟ್ಟೆ ಪತ್ತರಗಟ್ಟಿಯ ಅಂಗಡಿಯದು, ಹಿಂದಿನ ಮನೆಯ ಮುಸ್ಲಿಂ ಹೆಣ್ಣುಮಗಳು ಕೊಟ್ಟದ್ದು. ಅವಳು ಎಲ್ಲಿಗೂ ಹೋಗಲಿಲ್ಲ, ಆದರೆ 1948ರ ಆ ತಿಂಗಳಲ್ಲಿ ಕಲಬುರ್ಗಿ ಕಡೆಗಿದ್ದ ಅವಳ ತವರೇ ಇಲ್ಲವಾಗಿತ್ತು. ಅಜ್ಜಿ ಇದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದರು. ರಜಾಕಾರರ ಕಾಲದಲ್ಲಿ ನಮ್ಮ ಕಡೆಯವರು ಊರು ಬಿಟ್ಟು ಓಡಿದ್ದನ್ನು ಹೇಳುವಾಗಲೂ ಅದೇ ದನಿ.

ಮೂಲೆಯಲ್ಲೊಂದು ಒರಟು ಗೋಣಿಯಂಥ ಕಂದು ತುಂಡಿದೆ. ಅದು ಮನುಷ್ಯರದಲ್ಲ, ಮೋತಿಯದು.

ಮೋತಿ ಪಕ್ಕದ ಮರಾಠಿ ಮನೆಯ ನಾಯಿ. ಔರಂಗಾಬಾದಿಗೆ ವರ್ಗವಾದಾಗ ಅವರು ಅದನ್ನು ರೈಲಿನಲ್ಲಿ ಒಯ್ಯಲಾಗದೆ ಅಜ್ಜಿಯ ಕೈಗೆ ಹಗ್ಗ ಕೊಟ್ಟರು, ಜೊತೆಗೆ ಅದು ಮಲಗುತ್ತಿದ್ದ ಗೋಧಡಿಯನ್ನೂ. ಮುತ್ತಜ್ಜಿ ಮಡಿಯವರು, ನಾಯಿ ಹೊಸ್ತಿಲು ದಾಟಕೂಡದೆಂದು ಹಟ ಹಿಡಿದರು. ಅಜ್ಜಿ ಎದುರಾಡಲಿಲ್ಲ. ದೇವರ ಕೋಣೆಯಲ್ಲಿದ್ದ ಗಾಣಗಾಪುರದ ದತ್ತಾತ್ರೇಯನ ಚಿತ್ರ ತೋರಿಸಿ, "ಅತ್ತಿ, ಅವನ ಕಾಲಕಡೀಲೆ ನಾಲ್ಕು ಕೂತಾವ. ನಮ್ಮದು ಒಂದೇ ಅದ" ಎಂದರಂತೆ. ಮೋತಿಗೆ ಪಡಸಾಲೆಯವರೆಗೆ ಅಪ್ಪಣೆ ಸಿಕ್ಕಿತು. ಅಪ್ಪ ಓದುವಾಗ, ಅಜ್ಜಿ ಹೊಲಿಯುವಾಗ ಅದು ಹಾಸಿದ ಕೌದಿಯ ಅಂಚಿನ ಮೇಲೆಯೇ ಮಲಗುತ್ತಿತ್ತು. ಆ ಕಡೆ ಹೊಲಿಯಬೇಕಾದರೆ ಎಬ್ಬಿಸಬೇಕು. ಮೊದಮೊದಲು ಅದಕ್ಕೆ ಮರಾಠಿಯಲ್ಲೇ ಹೇಳಬೇಕಿತ್ತು, 'ಬಸ್' ಎಂದರೆ ಮಾತ್ರ ಕೂಡುತ್ತಿತ್ತು. ವರ್ಷ ತುಂಬುವುದರೊಳಗೆ ಕನ್ನಡ ಕಲಿಯಿತು. ಹನ್ನೊಂದು ವರ್ಷ ಬದುಕಿ 1967ರಲ್ಲಿ ಸತ್ತಾಗ ಅಜ್ಜಿ ಅದರ ಗೋಧಡಿಯಿಂದ ಒಂದು ಗೇಣು ಕತ್ತರಿಸಿ, ಆಗಲೇ ಮುಗಿದಿದ್ದ ಕೌದಿಯ ಮೂಲೆ ಬಿಚ್ಚಿ ಸೇರಿಸಿದರು. ನಾನೊಮ್ಮೆ ಅದು ಚುಚ್ಚುತ್ತದೆಂದು ಕೀಳಹೋದಾಗ, "ತಗೀಬ್ಯಾಡ, ಅದರ ಜಾಗಾ ಅದು" ಎಂದು ಕೈ ಹಿಡಿದಿದ್ದರು.

ನಾಯಿಯ ನೆನಪಿಗೆ ಇಷ್ಟೆಲ್ಲ ಯಾಕೆ ಎನ್ನುವವರಿಗೆ ಕನ್ನಡದ ಒಂದು ಪ್ರಸಿದ್ಧ ಶಾಸನ ಉತ್ತರ ಕೊಡುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು ಕ್ರಿ.ಶ. 949-50ರದು. ಅಜ್ಜಿಯ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ್ದನ್ನು, ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದನ್ನು ಅದು ಹೇಳುತ್ತದೆ. ಬೂತುಗ ತನ್ನ ಕಡೆ ಹೋರಾಡಿದ ಮಣಲೇರನಿಗೆ ಬೇಕಾದ್ದು ಕೇಳೆಂದಾಗ ಅವನು ಕೇಳಿದ್ದು ಊರನ್ನಲ್ಲ, ಕಾಳಿ ಎಂಬ ನಾಯಿಯನ್ನು. ಆ ಕಾಳಿ ಬೆಳತೂರಿನ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯೊಡನೆ ಕಾದಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ನಾಯಿ ಹಂದಿಯ ಮೇಲೆ ಎರಗುತ್ತಿರುವ ಚಿತ್ರ ಈಗಲೂ ಕಲ್ಲಿನ ಮೇಲಿದೆ. ಹಿರಿಯ ಅರಸರ ಯುದ್ಧವೊಂದರ ವಿವರ ನಮಗೆ ಸಿಕ್ಕಿರುವುದು ಒಂದು ನಾಯಿಯ ಕಲ್ಲಿನಿಂದ.

ಕಾಳಿಗೂ ಮೋತಿಗೂ ಇರುವ ವ್ಯತ್ಯಾಸವೆಂದರೆ ಕಲ್ಲಿಗೂ ಬಟ್ಟೆಗೂ ಇರುವ ವ್ಯತ್ಯಾಸ. ಕಲ್ಲಿನ ಹಿಂದೆ ದಾನದ ಭೂಮಿ ಇತ್ತು, ಅಕ್ಷರ ಕೆತ್ತುವವನಿದ್ದ, ಪೂಜೆ ಮಾಡುವ ಗೊರವನಿದ್ದ. ಕೌದಿಗೆ ಅವೊಂದೂ ಇಲ್ಲ. ಹಳೆಯ ಬಟ್ಟೆಯಿಂದ ಆದದ್ದು, ಬಳಸುತ್ತ ಸವೆಯುವುದು, ಹರಿದಾಗ ಇನ್ನೊಂದು ಕೌದಿಯ ಒಳಪದರವಾಗುವುದು ಅದರ ಬಾಳು. ಆದ್ದರಿಂದಲೇ ನೂರಾರು ವರ್ಷದ ಹಿಂದಿನ ಕೌದಿ ನಮಗೆ ಎಲ್ಲಿಯೂ ಸಿಗುವುದಿಲ್ಲ. ಹೊಲಿದವರ ಹೆಸರಂತೂ ಇಲ್ಲವೇ ಇಲ್ಲ. ರಾಜ್ಯ ಪುನರ್ವಿಂಗಡಣೆಯ ಆಯೋಗದ ವರದಿ 1955ರದು, ಗ್ರಂಥಾಲಯದಲ್ಲಿದೆ. ಅದರಲ್ಲಿ ತಾಲೂಕುಗಳ ಹೆಸರಿವೆ, ಮನೆ ಖಾಲಿಮಾಡಿದ ಹೆಂಗಸರ ಹೆಸರಿಲ್ಲ. ಬರೆಯಲು ಬಾರದ ಒಬ್ಬಾಕೆ ಅದೇ ಘಟನೆಯನ್ನು ದಾಖಲಿಸಿದ ರೀತಿ ನಮ್ಮ ಅಟ್ಟದ ಟ್ರಂಕಿನಲ್ಲಿತ್ತು. ಅದನ್ನು ಓದುವ ಲಿಪಿ ಅಜ್ಜಿಯ ಬಾಯಲ್ಲಿತ್ತು. ನಾನು ಅರ್ಧ ಕೇಳಿಸಿಕೊಂಡೆ, ಅರ್ಧ ಜ್ವರದಲ್ಲಿ ನಿದ್ದೆ ಮಾಡಿದೆ.

ಎಣಿಸಿದರೆ ಮೇಲ್ಪದರದಲ್ಲಿ ಅರವತ್ತೆರಡು ತುಂಡುಗಳಿವೆ. ನನಗೆ ಹದಿನೇಳು ಗೊತ್ತು. ಅಪ್ಪ ಇದ್ದಿದ್ದರೆ ಇನ್ನಷ್ಟು ಹೇಳುತ್ತಿದ್ದರು. ಹಾಳೆಯ ಮೇಲೆ ಕೌದಿಯ ಚಿತ್ರ ಬರೆದು, ಗೊತ್ತಿದ್ದವಕ್ಕೆ ಅಂಕಿ ಹಾಕಿ, ಪಕ್ಕದಲ್ಲಿ ಕತೆ ಬರೆದೆ. ಉಳಿದ ನಲವತ್ತೈದು ಖಾನೆ ಖಾಲಿ ಇವೆ. ಅತ್ತೆಗೆ ಫೋನಿನಲ್ಲಿ ಚಿತ್ರ ಕಳಿಸಿದೆ. ನೀರಿಗೆ ಬಿಡಿ ಎಂದಿದ್ದವರು ಮರುದಿನ ತಾವೇ ಫೋನು ಮಾಡಿ, "ಎಡಗಡೆ ಮೇಲಿನ ಹಳದಿ ಅದಲ್ಲ, ಅದು ನನ್ನ ಪರಕಾರ. ನಿಮ್ಮಜ್ಜಿ ನನಗೆ ಹೇಳದೇ ಕತ್ತರಿಸ್ಯಾಳ" ಎಂದು ಜಗಳವಾಡಿದರು. ಹದಿನೆಂಟಾಯಿತು.

ಗಾಜು ಹಾಕಿಸಲಿಲ್ಲ. ಕಿತ್ತ ಅಂಚಿಗೆ ಅಮ್ಮ ತಮ್ಮ ಹಳೆಯ ನೂಲಿನ ಸೀರೆಯ ಪಟ್ಟಿ ಕೊಟ್ಟು ಹೊಲಿಯುತ್ತಿದ್ದಾರೆ. ಕಣ್ಣು ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಸೂಜಿಗೆ ದಾರ ಪೋಣಿಸಿಕೊಡುವುದು ನನ್ನ ಕೆಲಸ. ಹೊಲಿಗೆ ಅಜ್ಜಿಯದರಷ್ಟು ನೆಟ್ಟಗಿಲ್ಲ. ಮೋತಿಯ ಮೂಲೆಗೆ ಬಂದಾಗ ಆ ಒರಟು ಬಟ್ಟೆಯಲ್ಲಿ ಸೂಜಿ ಇಳಿಯದೆ, ಅಮ್ಮ ಅಜ್ಜಿಯ ಹಳೆಯ ಡಬ್ಬಿಯಲ್ಲಿ ದಬ್ಬಣ ಇದೆಯೇನೋ ನೋಡು ಎಂದರು. ಇತ್ತು.