ಕ್ಯಾನ್ಸರ್ ಚಿಕಿತ್ಸೆ: ಕೂದಲು ಉದುರುವಿಕೆ ಮತ್ತು ದುಡಿಮೆ

ಕ್ಯಾನ್ಸರ್ ಚಿಕಿತ್ಸೆಯಲ್ಲಿ ತಲೆಗೂದಲು ಉದುರುವುದು ಪ್ರಾಣಕ್ಕೆ ಕುತ್ತು ತರುವ ತೊಂದರೆಯಲ್ಲ. ಬಹುಪಾಲು ಜನರಿಗೆ ಕೂದಲು ಮರಳಿ ಬರುತ್ತದೆ. ಆದರೆ ಮನೆಯೊಳಗಿನ ರೋಗದ ಸುದ್ದಿಯನ್ನು ಊರಿಗೂ ಕೆಲಸ ಕೊಡುವವರಿಗೂ ಮುಟ್ಟಿಸುವುದು ಅದೇ. ಆದ್ದರಿಂದ ಕೂದಲಿನ ಪ್ರಶ್ನೆಯನ್ನು ದುಡಿಮೆಯ ಪ್ರಶ್ನೆಯಿಂದ ಬೇರ್ಪಡಿಸಿ ನೋಡಲಾಗದು. ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ ಹಾಗೂ ಸುತ್ತಲಿನ ಸವದತ್ತಿ, ಬೈಲಹೊಂಗಲ, ಕಿತ್ತೂರು ಸೀಮೆಯಲ್ಲಿ ತಲೆ ಮುಚ್ಚಿಕೊಳ್ಳುವುದಕ್ಕೆ ದಾರಿಗಳಿವೆ, ಹೋದ ಕೂಲಿ ತುಂಬಿಕೊಳ್ಳುವುದಕ್ಕೆ ಇಲ್ಲ.

ಏಕೆ ಉದುರುತ್ತದೆ

ತಲೆಯ ಕೂದಲಲ್ಲಿ ನೂರಕ್ಕೆ 85ರಿಂದ 90ರಷ್ಟು ಸದಾ ಬೆಳೆಯುವ ಹಂತದಲ್ಲಿರುತ್ತವೆ. ಅವುಗಳ ಬುಡದ ಕೋಶಗಳು ಬಹುಬೇಗ ವಿಭಜನೆಗೊಳ್ಳುತ್ತವೆ. ಬೇಗ ವಿಭಜನೆಗೊಳ್ಳುವ ಕೋಶಗಳನ್ನೇ ಹುಡುಕಿ ಹೊಡೆಯುವ ಕಿಮೋಥೆರಪಿ (ಕಿಮೋ) ಔಷಧಗಳಿಗೆ ಕ್ಯಾನ್ಸರ್ ಗಂಟಿನ ಕೋಶ ಯಾವುದು, ಕೂದಲಿನ ಕೋಶ ಯಾವುದು ಎಂಬ ಭೇದ ತಿಳಿಯದು. ಕಿಮೋದ ಮೊದಲ ಸಲಾಯಿನ್ ಹಚ್ಚಿದ ಎರಡು–ಮೂರು ವಾರಕ್ಕೆ ದಿಂಬಿನ ಮೇಲೆ, ಬಾಚಣಿಗೆಯಲ್ಲಿ ಕೂದಲು ಗುಂಪುಗುಂಪಾಗಿ ಬರತೊಡಗುತ್ತದೆ. ಆ ದಿನಗಳಲ್ಲಿ ನೆತ್ತಿ ನೋಯುವುದೂ ಉಂಟು. ಮುಂದೆ ಹುಬ್ಬು, ರೆಪ್ಪೆ, ಮೈಗೂದಲು ಕೂಡ ಹೋಗಬಹುದು.

ಎಲ್ಲ ಔಷಧಗಳೂ ಹೀಗೆ ಮಾಡುವುದಿಲ್ಲ. ಸ್ತನ ಕ್ಯಾನ್ಸರಿಗೆ ಕೊಡುವ ಡಾಕ್ಸೊರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್‌ಗಳಿಂದ ತಲೆ ಪೂರ್ತಿ ಬೋಳಾಗುವುದೇ ಹೆಚ್ಚು. ಗರ್ಭಕಂಠ ಮತ್ತು ಬಾಯಿಯ ಕ್ಯಾನ್ಸರುಗಳಿಗೆ ವಿಕಿರಣದ ಜೊತೆ ಸಾಮಾನ್ಯವಾಗಿ ಕೊಡುವ ಸಿಸ್‌ಪ್ಲಾಟಿನ್‌ನಿಂದ ಕೂದಲು ತೆಳುವಾದೀತು ಅಷ್ಟೆ. ಹಳ್ಳಿಗಳಲ್ಲಿ ‘ಕರೆಂಟ್ ಕೊಡಸೂದು’ ಎನ್ನುವ ವಿಕಿರಣ ಚಿಕಿತ್ಸೆಯಿಂದ ಅದು ಬಿದ್ದ ಜಾಗದ ಕೂದಲಷ್ಟೇ ಉದುರುತ್ತದೆ. ಎದೆಗೆ, ಕಿಬ್ಬೊಟ್ಟೆಗೆ ಕೊಟ್ಟರೆ ತಲೆಗೇನೂ ಆಗದು. ಹೀಗಾಗಿ ಒಂದೇ ವಾರ್ಡಿನ ಅಕ್ಕಪಕ್ಕದ ಮಂಚಗಳಲ್ಲಿ ಒಬ್ಬಾಕೆ ಬೋಳಾಗಿ, ಇನ್ನೊಬ್ಬಾಕೆ ಜಡೆ ಹಾಕಿಕೊಂಡು ಕೂತಿರುತ್ತಾರೆ. ಕೂದಲು ಉದುರದಿದ್ದರೆ ಔಷಧ ಹತ್ತಿಲ್ಲ, ಉದುರಿದರೆ ರೋಗ ಜೋರಾಗಿದೆ ಎಂಬ ಎರಡು ಮಾತೂ ಸುಳ್ಳು. ಉದುರುವಿಕೆ ಔಷಧದ ಜಾತಿಯನ್ನು ಹೇಳುತ್ತದೆ, ರೋಗದ ಗತಿಯನ್ನಲ್ಲ.

ಕಿಮೋ ಮುಗಿದ ಮೂರರಿಂದ ಆರು ತಿಂಗಳಲ್ಲಿ ಕೂದಲು ಕಾಣುವಷ್ಟು ಬರುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಹಿಂದಿನ ಜಡೆ ಬರಲು ವರ್ಷಗಳೇ ಬೇಕು. ಮೊದಲು ಬರುವ ಕೂದಲು ಗುಂಗುರಾಗಿಯೋ ಬೇರೆ ಬಣ್ಣದ್ದಾಗಿಯೋ ಇರಬಹುದು. ಡೋಸಿಟ್ಯಾಕ್ಸೆಲ್ ಪಡೆದ ಕೆಲವರಿಗೆ, ತಲೆಗೇ ಹೆಚ್ಚಿನ ವಿಕಿರಣ ಬಿದ್ದವರಿಗೆ ಪೂರ್ತಿ ಮರಳದೆಯೂ ಹೋಗಬಹುದು.

ಔಷಧ ಹರಿಯುವ ಹೊತ್ತಿನಲ್ಲಿ ನೆತ್ತಿಯನ್ನು ತಣ್ಣಗಿಟ್ಟು, ರಕ್ತನಾಳಗಳನ್ನು ಕುಗ್ಗಿಸಿ, ಕೂದಲ ಬುಡಕ್ಕೆ ಔಷಧ ಕಡಿಮೆ ಮುಟ್ಟುವಂತೆ ಮಾಡುವ ತಂಪು ಟೊಪ್ಪಿಗೆಗೆ ಅಮೆರಿಕ 2015ರಲ್ಲಿ ಒಪ್ಪಿಗೆ ಕೊಟ್ಟಿತು. 2017ರಲ್ಲಿ ಪ್ರಕಟವಾದ ಅಲ್ಲಿನ ಒಂದು ಪ್ರಯೋಗದಲ್ಲಿ ಅದನ್ನು ಹಾಕಿಕೊಂಡ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರ ಕೂದಲು ಉಳಿಯಿತು. ಹಾಕಿಕೊಳ್ಳದವರಲ್ಲಿ ಯಾರದೂ ಉಳಿಯಲಿಲ್ಲ. ರಕ್ತದ ಕ್ಯಾನ್ಸರಿಗೆ ಇದು ಸಲ್ಲದು. ನಮ್ಮಲ್ಲಿ ಇದು ದೊಡ್ಡ ಊರಿನ, ದುಡ್ಡಿದ್ದವರ ಸೌಲಭ್ಯ. ಎಣ್ಣೆ, ಲೇಪಗಳು ಉದುರುವಿಕೆಯನ್ನು ತಡೆಯುವುದಿಲ್ಲ; ಮಿನಾಕ್ಸಿಡಿಲ್ ಕೂಡ ಮರಳಿ ಬರುವುದನ್ನು ತುಸು ಬೇಗವಾಗಿಸುತ್ತದೆ, ಅಷ್ಟೇ.

ಬೋಳು ತಲೆಯ ಅರ್ಥಗಳು

ಈ ಸೀಮೆಯಲ್ಲಿ ಕೂದಲು ಬರೀ ಕೂದಲಲ್ಲ. ಮಗುವಿನ ಜಾವಳ ತೆಗೆಸುವುದು ಹಬ್ಬ. ಸವದತ್ತಿಯ ಯಲ್ಲಮ್ಮನಗುಡ್ಡದ ಸುತ್ತ, ತಲೆಯಲ್ಲಿ ಜಡೆಗಟ್ಟಿದರೆ ದೇವಿ ಕರೆದಳೆಂಬ ನಂಬಿಕೆ ಬಹುಕಾಲ ನಡೆದುಬಂದಿದೆ. ತಲೆ ಬೋಳಿಸಿಕೊಂಡ ಗಂಡಸನ್ನು ಕಂಡರೆ ತಿರುಪತಿಗೆ ಹೋಗಿ ಬಂದನೋ, ತಂದೆ ತೀರಿಕೊಂಡರೋ ಎಂದು ಕೇಳಿ ಜನ ಸುಮ್ಮನಾಗುತ್ತಾರೆ. ಹೆಂಗಸಿನ ಬೋಳು ತಲೆಗೆ ಅಂಥ ಸುಲಭದ ಉತ್ತರವಿಲ್ಲ. ಹಿಂದೆ ಬ್ರಾಹ್ಮಣ ಮನೆಗಳಲ್ಲಿ ವಿಧವೆಯರ ತಲೆ ಬೋಳಿಸುತ್ತಿದ್ದ ನೆನಪು, ಆ ಪದ್ಧತಿಯೇ ಇಲ್ಲದ ಜಾತಿಗಳವರ ಕಣ್ಣಲ್ಲೂ ಅಳಿಯದೆ ಉಳಿದಿದೆ. ಗಂಡ ಬದುಕಿರುವಾಗಲೇ ಹೂ ಮುಡಿಯಲು ಜಾಗವಿಲ್ಲದ ತಲೆ ಅಪಶಕುನದಂತೆ ಕಾಣುತ್ತದೆಂದು ಅತ್ತೆಯಂದಿರು, ನೆರೆಯವರು ಆಡುವ ಮಾತು ಔಷಧಕ್ಕಿಂತ ಕಹಿ.

ಆದರೆ ಮುಚ್ಚಿಕೊಳ್ಳುವ ವಿಷಯದಲ್ಲಿ ಬೆಂಗಳೂರಿನ ಉದ್ಯೋಗಸ್ಥೆಗಿಂತ ಸಾಲಹಳ್ಳಿಯ ಹೆಣ್ಣುಮಗಳಿಗೆ ಒಂದು ಅನುಕೂಲವಿದೆ. ತಲೆಯ ಮೇಲೆ ಸೆರಗು ಹೊದ್ದು ಓಡಾಡುವುದು ಇಲ್ಲಿ ಯಾರಿಗೂ ಹೊಸದಲ್ಲ. ಗಂಡಸರಿಗೆ ರುಮಾಲು, ಗಾಂಧಿ ಟೊಪ್ಪಿಗೆ ಇವೆ. ಜಾರುವ ಸೆರಗಿನಡಿ ಮೆತ್ತನೆಯ ಹತ್ತಿ ಬಟ್ಟೆ ಕಟ್ಟಿಕೊಂಡರೆ ಹೊಲದ ಬಿಸಿಲಿಗೂ ತಡೆ. ಬೋಳು ನೆತ್ತಿ ಬೇಗ ಸುಡುತ್ತದೆ. ಗುಟ್ಟು ಬಿಟ್ಟುಕೊಡುವುದು ಹುಬ್ಬುಗಳು. ಕಾಡಿಗೆಯಿಂದ ತೀಡಿದ ಗೆರೆ ಬೆವರಿಗೆ ಕರಗುತ್ತದೆ.

ಟೋಪನ್ (ವಿಗ್) ಹಾಕಿಕೊಳ್ಳುವವರು ಕಡಿಮೆ, ಬೇಸಿಗೆಯಲ್ಲಿ ಅದನ್ನು ಸಹಿಸುವುದು ಕಷ್ಟ. ಇದೇ ಉತ್ತರ ಕರ್ನಾಟಕದಲ್ಲಿ, ಕೊಪ್ಪಳದ ಪಕ್ಕದ ಭಾಗ್ಯನಗರ ಕೂದಲು ಸಂಸ್ಕರಣೆಗೆ ಹೆಸರಾದ ಊರು. ಹೆಂಗಸರು ಬಾಚಿ ತೆಗೆದಿಟ್ಟ ಕೂದಲುಂಡೆಗಳನ್ನು ಹಳ್ಳಿಹಳ್ಳಿ ತಿರುಗಿ ಕೊಂಡುತಂದು, ಸಿಕ್ಕು ಬಿಡಿಸಿ, ಹೊರದೇಶಗಳಿಗೆ ಕಳಿಸುವ ಉದ್ಯಮ ಅಲ್ಲಿದೆ. ನಮ್ಮ ಹಳ್ಳಿಯ ಕೂದಲು ಟೋಪನ್ ಆಗಿ ನಮ್ಮ ರೋಗಿಗೇ ಅಗ್ಗಕ್ಕೆ ಸಿಗುವ ವ್ಯವಸ್ಥೆ ಮಾತ್ರ ಬೆಳೆದಿಲ್ಲ.

ಉದುರುವ ಮೊದಲೇ ಕೂದಲನ್ನು ಗಿಡ್ಡ ಕತ್ತರಿಸಿಕೊಂಡರೆ ದಿನಾ ಕೈಗೆ ಬರುವ ಗುಂಪು ನೋಡುವ ಸಂಕಟ ಕಡಿಮೆ. ಕ್ಷೌರದ ಕತ್ತಿಗಿಂತ ಟ್ರಿಮ್ಮರ್ ಮೇಲು: ಕಿಮೋದ ನಂತರ ಬಿಳಿ ರಕ್ತಕಣಗಳು ಇಳಿದಾಗ ಸಣ್ಣ ಗೀರೂ ಸೋಂಕಿಗೆ ದಾರಿ. ಹೆಂಗಸರು ಕ್ಷೌರದಂಗಡಿಗೆ ಹೋಗದ ಊರಲ್ಲಿ ಈ ಕೆಲಸ ಮಗನದೋ ಗಂಡನದೋ ಆಗುತ್ತದೆ.

ದುಡಿಮೆ

ಮೂರು ವಾರಕ್ಕೊಮ್ಮೆ ಕಿಮೋ ಎಂದರೆ ಮೂರು ವಾರದಲ್ಲಿ ಒಂದು ದಿನ ಹೋಯಿತು ಎಂದಲ್ಲ. ಮೊದಲ ಕೆಲವು ದಿನ ವಾಂತಿ, ಸುಸ್ತು. ಏಳರಿಂದ ಹದಿನಾಲ್ಕನೇ ದಿನದ ಸುಮಾರಿಗೆ ಬಿಳಿ ಕಣಗಳು ತಳ ಮುಟ್ಟುತ್ತವೆ. ಆಗ ಕೆಮ್ಮುವ ಮಕ್ಕಳ ತರಗತಿಯಾಗಲಿ, ಸಗಣಿ–ಮಣ್ಣಿನ ಕೆಲಸವಾಗಲಿ ಸಲ್ಲದು. ಜ್ವರ ಬಂದರೆ ಮಾತ್ರೆ ನುಂಗಿ ಮಲಗದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಬೆರಳ ತುದಿ ಜೋಮು ಹಿಡಿಯುತ್ತದೆ. ರಾಮದುರ್ಗ, ಸುರೇಬಾನ, ಮನಿಹಾಳಗಳ ನೇಕಾರರಿಗೆ ಇದು ಕೂದಲಿಗಿಂತ ದೊಡ್ಡ ಪೆಟ್ಟು: ಹರಿದ ಎಳೆಯನ್ನು ಹುಡುಕಿ ಗಂಟು ಹಾಕುವುದೇ ಬೆರಳಿನ ಸ್ಪರ್ಶದಿಂದ. ಕಂಕುಳಿನ ಗ್ರಂಥಿ ತೆಗೆಸಿಕೊಂಡ ಹೆಂಗಸಿಗೆ ಆ ಕಡೆಯ ತೋಳು ಬಾತುಕೊಳ್ಳುವ ಭಯ ಜೀವನಪರ್ಯಂತ; ಕಬ್ಬಿನ ಹೊರೆ, ತುಂಬಿದ ಕೊಡ ಎರಡಕ್ಕೂ ಎಚ್ಚರ ಬೇಕು.

ಮಾಲೀಕರಿಂದ ಮುಂಗಡ ಪಡೆದು ಮಗ್ಗಕ್ಕೋ ಕಬ್ಬು ಕಡಿಯುವ ಗ್ಯಾಂಗಿಗೋ ಸೇರಿದವರಿಗೆ ಕೆಲಸ ಬಿಟ್ಟರೆ ಕೂಲಿ ನಿಲ್ಲುವುದಷ್ಟೇ ಅಲ್ಲ, ಸಾಲ ತಲೆಯ ಮೇಲೆ ಉಳಿಯುತ್ತದೆ. ಸಂಬಳದ ಚೀಟಿ ಇದ್ದವರ ಲೋಕ ಬೇರೆ. ಸರ್ಕಾರಿ ಶಾಲೆಯ ಶಿಕ್ಷಕಿಗೆ ಗಳಿಕೆ ರಜೆ, ಅರ್ಧ ವೇತನ ರಜೆ, ವೈದ್ಯಕೀಯ ಪ್ರಮಾಣಪತ್ರದ ಮೇಲೆ ಪರಿವರ್ತಿತ ರಜೆ ಇವೆ. 1948ರ ಕಾಯ್ದೆಯಿಂದ ಬಂದ ನೌಕರರ ರಾಜ್ಯ ವಿಮೆ (ಇಎಸ್‌ಐ) ಯೋಜನೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರಿಗೆ ವರ್ಷಕ್ಕೆ 91 ದಿನ ಶೇ 70ರಷ್ಟು ವೇತನ ಸಿಗುತ್ತದೆ; ಕ್ಯಾನ್ಸರ್ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿರುವುದರಿಂದ, ಸೇವಾವಧಿಯ ಷರತ್ತು ಪೂರೈಸಿದವರಿಗೆ ಎರಡು ವರ್ಷದವರೆಗೆ ಶೇ 80. ಆದರೆ ಇಎಸ್‌ಐ ಹಂಗಾಮಿ ಕಾರ್ಖಾನೆಗಳನ್ನು ಹೊರಗಿಡುತ್ತದೆ, ಸಕ್ಕರೆ, ಬೆಲ್ಲ, ಹತ್ತಿ ಜಿನ್ನಿಂಗ್ ಆ ಪಟ್ಟಿಯಲ್ಲೇ ಇವೆ. ಕಬ್ಬಿನ ಸೀಮೆಯ ಮಟ್ಟಿಗೆ ಈ ಬಿಟ್ಟುಬಿಡುವಿಕೆ ಸಣ್ಣದಲ್ಲ.

ಕೆಲಸ ಉಳಿಸಿಕೊಳ್ಳುವ ಹಕ್ಕಿನ ಮಾತಿಗೆ ಬಂದರೆ, ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ಕ್ಯಾನ್ಸರ್ ಪತ್ತೆಯಾದ ದಿನದಿಂದಲೇ ಉದ್ಯೋಗಿಗೆ ಅಂಗವಿಕಲರ ರಕ್ಷಣೆ ಕೊಡುತ್ತದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕ್ಯಾನ್ಸರ್ ಇಲ್ಲ. ಅದರ ಪರಿಣಾಮಗಳು ಇರಬಹುದು: ಧ್ವನಿಪೆಟ್ಟಿಗೆ ತೆಗೆಸಿಕೊಂಡು ಮಾತು ಹೋದವರನ್ನು ಆ ಕಾಯ್ದೆ ಹೆಸರಿಸಿಯೇ ಒಳಗೊಳ್ಳುತ್ತದೆ. ಹಾಗೆ ಅಂಗವಿಕಲರಾದ ನೌಕರರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ.

ರೋಗದ ಸುದ್ದಿಯನ್ನು ಕೆಲಸದ ಕಡೆ ಹೇಳಬೇಕೇ, ಬೇಡವೇ ಎಂಬುದು ರೋಗಿಯ ನಿರ್ಧಾರ. ನಟ ಶಿವರಾಜ್‌ಕುಮಾರ್ 2024ರ ಕೊನೆಯಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ ಅಮೆರಿಕದ ಮಯಾಮಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಕಿಮೋ ನಡೆಯುವಾಗಲೇ ‘45’ ಚಿತ್ರದ ಚಿತ್ರೀಕರಣದಲ್ಲಿ ಪಾಲ್ಗೊಂಡದ್ದನ್ನು ತಾವೇ ಹೇಳಿಕೊಂಡರು. ಹಳ್ಳಿಗಳಲ್ಲಿ ಇದು ಧೈರ್ಯದ ಮಾತಾಗಿ ಓಡಾಡಿತು, ಒಳ್ಳೆಯದೇ. ಆದರೆ ನಾಯಕನಟನಿಗಾಗಿ ಕಾಯುವ ಚಿತ್ರತಂಡದಂತೆ ಮಗ್ಗದ ಮಾಲೀಕ ಕಾಯುವುದಿಲ್ಲ. ಕ್ಯಾನ್ಸರ್ ಅಂಟುಜಾಡ್ಯವೆಂಬ ತಪ್ಪು ತಿಳಿವಳಿಕೆಯಿಂದ ತಟ್ಟೆ–ಲೋಟ ಬೇರೆ ಮಾಡುವ ಮನೆಗಳೂ, ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವ ಮನೆಗಳೂ ಇವೆ. ಎಲ್ಲರಿಗೂ ಹೇಳದಿದ್ದರೂ ಮುಖ್ಯೋಪಾಧ್ಯಾಯರಿಗೋ ಗ್ಯಾಂಗಿನ ಮುಕಾದಮನಿಗೋ ಮೊದಲೇ ತಿಳಿಸಿ, ಕಿಮೋ ದಿನಾಂಕಗಳ ಪಟ್ಟಿ ಕೊಟ್ಟರೆ ಕೆಲಸ ಹೊಂದಿಸಲು ಅವರಿಗೂ ದಾರಿ. ವಾರದ ರಜೆಯ ಹಿಂದಿನ ದಿನ ಕಿಮೋ ಬೀಳುವಂತೆ ಕೇಳಿಕೊಂಡರೆ ಕೆಲವು ಆಸ್ಪತ್ರೆಗಳು ಒಪ್ಪುತ್ತವೆ.

ಸಾಲಹಳ್ಳಿಯವರಿಗೆ ಚಿಕಿತ್ಸೆಯ ಊರುಗಳು ಹುಬ್ಬಳ್ಳಿ ಮತ್ತು ಬೆಳಗಾವಿ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯಿದೆ. ಬೆಳಗಾವಿಯ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು 2025ರ ಜನವರಿ 3ರಂದು ಉದ್ಘಾಟಿಸಿದರು. ರೈಲ್ವೆ ಕ್ಯಾನ್ಸರ್ ರೋಗಿಗಳಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ ಕೊಡುತ್ತದೆ, ಆದರೆ ರಾಮದುರ್ಗಕ್ಕಾಗಲಿ ಸವದತ್ತಿಗಾಗಲಿ ರೈಲೇ ಇಲ್ಲ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹೆಂಗಸರ ಬಸ್ ಖರ್ಚು ಉಳಿದಿದೆ. ಜೊತೆಗೆ ಬರುವ ಗಂಡನದು ಉಳಿದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅದರಲ್ಲಿ ಹೋದ ದಿನಗಳ ಕೂಲಿ ಸೇರಿಲ್ಲ. ಚಿಕಿತ್ಸೆ ಮುಗಿದ ಮೇಲೆ ವರ್ಷಗಟ್ಟಲೆ ನಡೆಯುವ ತಪಾಸಣೆಗೂ ಪ್ರತಿ ಸಲ ಒಂದು ದಿನದ ದುಡಿಮೆ ಬಿಟ್ಟೇ ಬಸ್ ಹತ್ತಬೇಕು.