ಅಡುಗೆಮನೆಯ ನೆಲುವು, ಜಗಲಿಯ ಹೂಕುಂಡ

ಇತಿಹಾಸವೆಂದರೆ ಮಕ್ಕಳಿಗೆ ಕೋಟೆ, ಕದನ, ಇಸವಿ. ಇಪ್ಪತ್ತೆಂಟು ವರ್ಷಗಳಿಂದ ಅದನ್ನೇ ಕಲಿಸುತ್ತಿರುವ ನನಗೆ ಒಂದು ಪ್ರಶ್ನೆ ಆಗಾಗ ಕಾಡುತ್ತದೆ. ಹೆಂಗಸರ ಕೈಕೆಲಸಕ್ಕೆ ಇತಿಹಾಸವಿಲ್ಲವೆ? ಇದೆ. ನಮ್ಮ ಮನೆಯ ಜಗಲಿಯಲ್ಲಿ ತೂಗುತ್ತಿರುವ ಹೂಕುಂಡದ ಹಗ್ಗವನ್ನೇ ನೋಡಿ. ಅದು ಹಿಂದಿನವರ ನೆಲುವು.

ಹಾಲು, ಮೊಸರು, ಬೆಣ್ಣೆಯ ಗಡಿಗೆಗಳನ್ನು ಬೆಕ್ಕು, ಇಲಿಗಳಿಗೆ ಸಿಗದಂತೆ ಜಂತಿಗೆ ತೂಗುಹಾಕುತ್ತಿದ್ದ ಹಗ್ಗದ ಜೋಲಿಯೇ ನೆಲುವು. ಸಂಸ್ಕೃತದಲ್ಲಿ ಅದು ಶಿಕ್ಯ. ಬಾಲಕೃಷ್ಣ ಒರಳನ್ನು ಬೋರಲು ಹಾಕಿ ಹತ್ತಿ, ತೂಗುವ ಗಡಿಗೆಯ ಬೆಣ್ಣೆ ಕದ್ದ ಕಥೆ ಭಾಗವತದ ಹತ್ತನೆಯ ಸ್ಕಂಧದಲ್ಲಿದೆ. ಕದ್ದವನ ಹೆಸರು ಉಳಿಯಿತು, ಆ ಶಿಕ್ಯ ಹೆಣೆದವಳ ಹೆಸರು ಯಾರಿಗೆ ಗೊತ್ತು?

ಬಂಗಾಳದಲ್ಲಿ ಇದನ್ನೇ ಸೆಣಬಿನಿಂದ ಹೆಣೆದು ಶಿಕಾ ಎನ್ನುತ್ತಾರೆ. 1971ರ ಯುದ್ಧ ಮುಗಿದು ಬಾಂಗ್ಲಾದೇಶ ಹುಟ್ಟಿದಾಗ, ಗಂಡನನ್ನೂ ಮನೆಯನ್ನೂ ಕಳೆದುಕೊಂಡ ಹೆಂಗಸರು ಲೆಕ್ಕವಿಲ್ಲದಷ್ಟಿದ್ದರು. ಅವರ ಬಳಿ ಉಳಿದಿದ್ದು ಕೈಯ ಗಂಟುಗಳು ಮಾತ್ರ. ಅದೇ ಹೊತ್ತಿಗೆ ಯೂರೋಪು, ಅಮೆರಿಕಗಳಲ್ಲಿ ಗಂಟು ಹಾಕಿದ ಹಗ್ಗದಲ್ಲಿ ಹೂಕುಂಡ ತೂಗುಹಾಕುವ ಷೋಕಿ ಶುರುವಾಗಿತ್ತು. 1973ರಲ್ಲಿ ಆರಂಭವಾದ ಜೂಟ್ ವರ್ಕ್ಸ್ ಎಂಬ ಸಂಸ್ಥೆ ಹಳ್ಳಿಯ ಹೆಂಗಸರಿಂದ ಶಿಕಾ ಹೆಣೆಸಿ ಪರದೇಶಕ್ಕೆ ಕಳುಹಿಸಿತು. ಅಡುಗೆಮನೆಯಲ್ಲಿ ಯಾರೂ ಕೂಲಿ ಕೊಡದಿದ್ದ ಕೆಲಸಕ್ಕೆ ಬೆಲೆ ಬಂತು, ಮಕ್ಕಳ ಹೊಟ್ಟೆ ತುಂಬಿತು.

ನಮ್ಮಲ್ಲಿ ಮಾತ್ರ ಫ್ರಿಜ್ ಬಂದು ನೆಲುವು ಹೋಯಿತು. ತಾರಸಿ ಮನೆಗಳಲ್ಲಿ ಕಟ್ಟಲು ಜಂತಿಯೂ ಇಲ್ಲ. ಅಮ್ಮ ಕಲಿಸಿದ್ದರಿಂದ ನನಗೆ ಆ ಗಂಟು ಬರುತ್ತದೆ. ನನ್ನ ತರಗತಿಯ ಹುಡುಗಿಯರು ನೆಲುವು ಎಂಬ ಪದವನ್ನೇ ಕೇಳಿಲ್ಲ. ಅದಕ್ಕೇ ಅವರಿಗೆ ಹೂಕುಂಡದ ನೆಪದಲ್ಲಿ ಕಲಿಸುತ್ತೇನೆ.

ಖರ್ಚು ಹೆಚ್ಚಿಲ್ಲ. ಎಂಟೆಂಟು ಅಡಿಯ ನಾಲ್ಕು ಸೆಣಬಿನ ಹುರಿಗಳನ್ನು ಒಂದು ಹಳೆಯ ಲೋಹದ ಬಳೆಯೊಳಗೆ ತೂರಿಸಿ ಮಧ್ಯಕ್ಕೆ ಮಡಿಸಿ. ಎಂಟು ಎಳೆಗಳಾಗುತ್ತವೆ. ಎರಡೆರಡನ್ನು ಸೇರಿಸಿ ಒಂದೇ ಎತ್ತರದಲ್ಲಿ ನಾಲ್ಕು ಗಂಟು ಹಾಕಿ. ನಾಲ್ಕು ಬೆರಳು ಕೆಳಗೆ, ಒಂದು ಜೋಡಿಯ ಎಳೆಯನ್ನು ಪಕ್ಕದ ಜೋಡಿಯ ಎಳೆಗೆ ಕಟ್ಟಿ. ಬಲೆ ಮೂಡುತ್ತದೆ. ಇನ್ನೂ ಸ್ವಲ್ಪ ಕೆಳಗೆ ಎಲ್ಲವನ್ನೂ ಸೇರಿಸಿ ಬಿಗಿಯಾಗಿ ಗಂಟು ಹಾಕಿದರೆ ಮುಗಿಯಿತು. ಕುಂಡಕ್ಕೆ ಹಳೆಯ ಎಣ್ಣೆ ಡಬ್ಬಿ ಸಾಕು, ತಳಕ್ಕೆ ಮೂರು ತೂತು ಕೊರೆಯಿರಿ. ಬರೀ ಮಣ್ಣು ನೆನೆದರೆ ಭಾರವಾಗುತ್ತದೆ, ಅರ್ಧದಷ್ಟು ತೆಂಗಿನ ನಾರಿನ ಪುಡಿ ಬೆರೆಸಿ. ಮನಿಪ್ಲಾಂಟ್ ಆಗಲಿ, ಟೇಬಲ್ ರೋಸ್ ಆಗಲಿ ಚೆನ್ನಾಗಿ ಇಳಿಬೀಳುತ್ತದೆ.

ಮನೆಯಲ್ಲಿ ಹಿರಿಯ ಹೆಂಗಸರಿದ್ದರೆ ಮೊದಲ ಗಂಟನ್ನು ಅವರಿಂದಲೇ ಹಾಕಿಸಿ. ಪಕ್ಕದಲ್ಲಿ ಮಗಳನ್ನು ಕೂರಿಸಿಕೊಳ್ಳಿ, ಮಗನಿದ್ದರೆ ಅವನನ್ನೂ.